ಇಪ್ಪತ್ತೈದರ ಮನೆಗೆ ಮೂವತ್ತರ ನಡಿಗೆ

ದರ್ಜಿ ಅಂಗಡಿಯ ಮೇಲೆ ಎರಡು ಕೋಣೆ. ಹಿಂದಿನದು ಅವಳ ಕೆಲಸದ ಕೋಣೆ. ಒಂದು ಮೇಜು, ಅದರ ಮೇಲೆ ಎಂಟು ವರ್ಷ ಹಳೆಯ ಕಂಪ್ಯೂಟರು, ಬೆಳಕು ಬೀಳದಂತೆ ಕಿಟಕಿಗೆ ಹೊಡೆದ ಕಪ್ಪು ಬಟ್ಟೆ, ಗೋಡೆಯ ಹಲಗೆಯ ಮೇಲೆ ವರ್ಷ ಬರೆದ ಚೀಟಿ ಅಂಟಿಸಿಟ್ಟ ಹಾರ್ಡ್ ಡಿಸ್ಕುಗಳು. ಕೆಳಗೆ ದರ್ಜಿ ಮಿಷನ್ ತುಳಿದಾಗಲೆಲ್ಲ ಮೇಜಿನ ಮೇಲಿನ ಚಹಾದ ಲೋಟದಲ್ಲಿ ಸಣ್ಣ ಉಂಗುರಗಳು ಏಳುತ್ತವೆ. ಹದಿನೆಂಟು ವರ್ಷದಿಂದ ಅವಳು ಇಲ್ಲಿ ಕೂತು ಊರವರ ಮದುವೆಗಳನ್ನು ಕತ್ತರಿಸಿ ಜೋಡಿಸುತ್ತಿದ್ದಾಳೆ. ಆರು ಗಂಟೆಯ ಮದುವೆಯನ್ನು ಒಂದೂವರೆ ಗಂಟೆಗೆ ಇಳಿಸುವುದು ಸುಲಭದ ಕೆಲಸವಲ್ಲ. ಯಾರ ಚಿಕ್ಕಪ್ಪನನ್ನು ಬಿಟ್ಟರೂ ಜಗಳ. ಓಣಿಯಲ್ಲಿ ಅವಳಿಗೆ ‘ಕತ್ತರಿ’ ಎಂದು ಹೆಸರು ಬಿದ್ದದ್ದು ಹಾಗೆ. ಆ ಹೆಸರನ್ನು ಮೊದಲು ಇಟ್ಟವನು ಅವಳ ಗಂಡನೇ.

ಗಂಡನಿಗೆ ಓಣಿ ಕೊಟ್ಟ ಹೆಸರು ‘ಹದ್ದು’. ಅವನು ಡ್ರೋನ್ ಹಾರಿಸುವವನು. ಅವನು ಮೇಲಿನಿಂದ ತೆಗೆದದ್ದನ್ನು ಅವಳು ಕೆಳಗೆ ಕೂತು ಕತ್ತರಿಸುತ್ತಿದ್ದಳು. ಡ್ರೋನ್ ಕೊಂಡ ಮೊದಲ ವಾರ ಅವನು ಮನಸ್ಸಿಗೆ ಬಂದಂತೆ ಸೆಟ್ಟಿಂಗ್ ಇಟ್ಟು ತೆಗೆದ ಒಂದು ಮದುವೆಯನ್ನು ಅವಳ ಸಾಫ್ಟ್‌ವೇರು ತೆರೆಯಲೇ ಇಲ್ಲ. ಪರದೆಯ ತುಂಬ ತೆರೆಯಲಾಗದು ಎನ್ನುವ ಕೆಂಪು ಹಲಗೆ. ಆಮೇಲೆ ಅವಳು ಒಂದು ಚೀಟಿ ಬರೆದು ಡ್ರೋನ್ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿದಳು:

“ಅಳತೆ 1080. ಸೆಕೆಂಡಿಗೆ 25. ಶಟರ್ 50. ಫೈಲು ಎಚ್ 264. ಬಣ್ಣ ಮಾಮೂಲಿ. ಹಾರಿಸುವ ಮೊದಲು ನೋಡುವುದು. ಹಾರಿಸಿದ ಮೇಲೆ ಅಲ್ಲ.”

ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು.

“ಇದೇನು, ಡಾಕ್ಟರ್ ಚೀಟಿಯಾ?” ಎಂದಿದ್ದ ಅವನು. “ಊಟಕ್ಕೆ ಮುಂಚೆ, ಊಟ ಆದ್ಮೇಲೆ ಅಂತ?”

“ಹೌದು ರೀ. ತಪ್ಪಿದ್ರೆ ರೋಗಿ ನಾನು. ಮೂರು ದಿನ ಕೂತು ಕನ್ವರ್ಟ್ ಮಾಡೋಳು ನಾನು.”

ಚೀಟಿಯಲ್ಲಿ ಮುಖ್ಯವಾದದ್ದು ಇಪ್ಪತ್ತೈದು. ವಿಡಿಯೋ ಎಂದರೆ ಬೇಗ ಬೇಗ ತೋರಿಸುವ ಸ್ಥಿರ ಚಿತ್ರಗಳ ಸಾಲು. ಒಂದೊಂದು ಚಿತ್ರವನ್ನೂ ಫ್ರೇಮ್ ಅನ್ನುತ್ತಾರೆ. ಅವಳು ಎಲ್ಲ ತುಣುಕುಗಳನ್ನೂ ಜೋಡಿಸುವ ಸಾಲು, ಅಂದರೆ ಟೈಮ್‌ಲೈನು, ಸೆಕೆಂಡಿಗೆ ಇಪ್ಪತ್ತೈದು ಫ್ರೇಮಿನದು. ಕೆಳಗಿನ ಕ್ಯಾಮೆರಾಗಳು ಇಪ್ಪತ್ತೈದು, ಡ್ರೋನೂ ಇಪ್ಪತ್ತೈದು. ಎಲ್ಲರೂ ಒಂದೇ ಹೆಜ್ಜೆ. ಮೂವತ್ತರಲ್ಲಿ ತೆಗೆದದ್ದನ್ನು ಆ ಸಾಲಿಗೆ ತಂದರೆ ಯಂತ್ರ ಪ್ರತಿ ಆರರಲ್ಲಿ ಒಂದನ್ನು ಎಸೆಯುತ್ತದೆ. ನೋಡುವವರಿಗೆ ಏನು ತಪ್ಪಿದೆ ಎಂದು ಹೇಳಲು ಬರುವುದಿಲ್ಲ, ಆದರೆ ನಡೆಯುವವರು ಮುಗ್ಗರಿಸಿದಂತೆ, ಕಾರು ತಡವರಿಸಿದಂತೆ ಕಾಣುತ್ತದೆ.

ಹನ್ನೊಂದು ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ಮದುವೆಯಲ್ಲಿ ಡ್ರೋನ್ ಕೆರೆಗೆ ಬಿತ್ತು. ಅಷ್ಟರಲ್ಲಿ ಊರಲ್ಲಿ ಡ್ರೋನ್ ಇಟ್ಟವರು ಎಂಟು ಜನ ಆಗಿದ್ದರು. ಅವನು ಎರಡು ವರ್ಷದ ಒಪ್ಪಂದದ ಮೇಲೆ ದೂರದ ಕಡಲತೀರದ ಕೆಲಸಕ್ಕೆ ಹೋದ. ಅಲ್ಲಿ ಒಂದು ಕಂಪನಿ ಅಲೆ ತಡೆಯಲು ನಾಲ್ಕು ಕಿಲೋಮೀಟರು ಉದ್ದದ ಕಲ್ಲಿನ ಗೋಡೆ ಕಟ್ಟುತ್ತಿತ್ತು. ವಾರಕ್ಕೊಮ್ಮೆ ಇಡೀ ಗೋಡೆಯನ್ನು ಮೇಲಿನಿಂದ ತೆಗೆದು ಕೊಡುವುದು ಅವನ ಕೆಲಸ. ಕಚೇರಿಯವರು ಹೋದ ವಾರದ ಚಿತ್ರದ ಪಕ್ಕ ಈ ವಾರದ್ದನ್ನಿಟ್ಟು ಯಾವ ಕಲ್ಲು ಎಷ್ಟು ಜರುಗಿದೆ ಎಂದು ಅಳೆಯುತ್ತಿದ್ದರು.

ಹೊರಡುವ ದಿನ ಅವನು ಖಾಲಿ ಪೆಟ್ಟಿಗೆಯಿಂದ ಚೀಟಿಯನ್ನು ನಿಧಾನವಾಗಿ ಕಿತ್ತು ಜೇಬಿಗೆ ಹಾಕಿಕೊಂಡ.

“ಅದ್ಯಾಕೆ? ಅಲ್ಲಿ ಅವ್ರದ್ದೇ ಸೆಟ್ಟಿಂಗ್ ಇರುತ್ತಲ್ಲ.”

“ಅವ್ರದ್ದು ಅವ್ರಿಗೆ. ತಿಂಗಳಿಗೊಂದು ನಿನಗೂ ತೆಗೀತೀನಿ. ತೆರೀಲಿಲ್ಲ ಅಂತ ಫೋನಲ್ಲಿ ಬೈಸ್ಕೊಳ್ಳೋಕೆ ನನ್ನಿಂದಾಗಲ್ಲ.”

ಅವಳು ಹೂಂ ಅಂದಳು. ಹೋಗಬೇಡಿ ಅನ್ನಬೇಕೆಂದುಕೊಂಡದ್ದನ್ನು ಅನ್ನಲಿಲ್ಲ.

ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಒಂದು ಫೈಲು ಬರುತ್ತಿತ್ತು. ಕೆಲಸ ಮುಗಿದ ಸಂಜೆ ಅವನು ಡ್ರೋನನ್ನು ತನ್ನನ್ನೇ ಹಿಂಬಾಲಿಸುವಂತೆ ಬಿಟ್ಟು, ಮರಳಿನ ಮೇಲೆ ಒಂದು ನಿಮಿಷ ನಡೆದು, ತಿರುಗಿ ಒಂದು ನಿಮಿಷ ವಾಪಸ್ ನಡೆಯುತ್ತಿದ್ದ. ಕೊನೆಗೆ ತಲೆ ಎತ್ತಿ ಕೈ ಬೀಸುತ್ತಿದ್ದ. ಅಷ್ಟೇ. ಡ್ರೋನಿನ ವಿಡಿಯೋಕ್ಕೆ ಧ್ವನಿ ಇರುವುದಿಲ್ಲ. ಅಲೆಗಳು ಸದ್ದಿಲ್ಲದೆ ಬಂದು ಹೋಗುತ್ತಿದ್ದವು. ಅವಳು ಅವನ್ನು ಒಂದರ ಹಿಂದೊಂದು ಜೋಡಿಸಿ ಒಂದೇ ಉದ್ದ ಚಿತ್ರ ಮಾಡುತ್ತಿದ್ದಳು. ಅವನು ಒಂದು ತಿಂಗಳಿಂದ ಇನ್ನೊಂದು ತಿಂಗಳಿಗೆ ನಡೆದುಕೊಂಡೇ ಬರುತ್ತಿದ್ದ, ಅಂಗಿ ಮಾತ್ರ ಬದಲಾಗುತ್ತಿತ್ತು.

ಆ ಭಾನುವಾರಗಳಲ್ಲಿ ಅತ್ತೆಯೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. ಅತ್ತೆ ಮೂವತ್ತು ವರ್ಷ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಆಯಾ ಆಗಿದ್ದವರು. ಕಣ್ಣು ಚುರುಕು, ಬಾಯಿ ಅದಕ್ಕಿಂತ ಚುರುಕು.

“ಮುಖ ತೋರ್ಸೋದು ಬಿಟ್ಟು ನೆತ್ತಿ ತೋರಿಸ್ತಾನಲ್ಲೇ ಇವನು. ನೆತ್ತಿ ನಾನು ನೋಡಿಲ್ವಾ? ಎಣ್ಣೆ ಹಚ್ಚಿದ್ದೇ ನಾನು. ಈಗ ಅಲ್ಲಿ ಹಚ್ಚೋಕೆ ಕೂದಲೂ ಇಲ್ಲ.”

“ಕೊನೇಲಿ ಮುಖ ತೋರಿಸ್ತಾರೆ ಅತ್ತೆ, ತಾಳಿ.”

“ಎರಡು ನಿಮಿಷ ನಡೆದು ಎರಡು ಸೆಕೆಂಡ್ ಮುಖ. ಜಿಪುಣ.”

ಆ ಎರಡು ಸೆಕೆಂಡನ್ನು, ಅಂದರೆ ಐವತ್ತು ಫ್ರೇಮನ್ನು, ವಾರದ ನಡುವೆ ಕೆಲಸ ಇಲ್ಲದ ಮಧ್ಯಾಹ್ನಗಳಲ್ಲಿ ಅವಳು ಒಂದೊಂದಾಗಿ ನೋಡುತ್ತಿದ್ದಳು. ಮೂವತ್ತೊಂದನೆಯದರಲ್ಲಿ ಅವನು ನಗಲು ಶುರು ಮಾಡುತ್ತಾನೆ. ನಲವತ್ತನಾಲ್ಕರಲ್ಲಿ ಕಣ್ಣು ಮುಚ್ಚುತ್ತಾನೆ. ಕೆಳಗಿನ ಅಂಗಡಿಯ ದರ್ಜಿ ದಾರಿಯಲ್ಲಿ ಸಿಕ್ಕಾಗ, “ಏನಕ್ಕ, ಹದ್ದು ಗೂಡಿಗೆ ಯಾವಾಗ?” ಎನ್ನುತ್ತಿದ್ದ. “ಇನ್ನೂ ಗಾಳಿ ಇದೆಯಂತೆ” ಎಂದು ನಕ್ಕು ಮೆಟ್ಟಿಲು ಹತ್ತುತ್ತಿದ್ದಳು.

ಒಂಬತ್ತು ತಿಂಗಳು ಫೈಲುಗಳು ಚೀಟಿಯಲ್ಲಿದ್ದಂತೆಯೇ ಬಂದವು. ಹತ್ತನೆಯ ತಿಂಗಳ ಭಾನುವಾರ ಫೈಲನ್ನು ತೆರೆದರೆ ಕೆಂಪು ಹಲಗೆ.

ಅವಳು ಫೈಲಿನ ವಿವರ ನೋಡಿದಳು. ಅಳತೆ ನಾಲ್ಕು ಪಟ್ಟು. ಎಚ್ 265, ಅಂದರೆ ಹೊಸ ರೀತಿಯಲ್ಲಿ ಬಿಗಿಯಾಗಿ ಮಡಚಿದ ಫೈಲು. ಅವಳ ಹಳೆಯ ಸಾಫ್ಟ್‌ವೇರಿಗೆ ಆ ಮಡಿಕೆ ಬಿಚ್ಚಲು ಬರುವುದಿಲ್ಲ. ಸೆಕೆಂಡಿಗೆ ಮೂವತ್ತು. ಫೋನು ಮಾಡಿದಳು.

“ರೀ, ಚೀಟಿ ಕಳೆದೋಯ್ತಾ?”

“ಇಲ್ಲ ಕಣೇ, ಪೆಟ್ಟಿಗೆಯಲ್ಲೇ ಇದೆ. ಏನಾಯ್ತು ಅಂದ್ರೆ, ಹೋದ ತಿಂಗಳು ನಿನಗೆ ತೆಗೆದು ವಾಪಸ್ ಅವರ ಸೆಟ್ಟಿಂಗಿಗೆ ತಿರುಗಿಸೋದು ಮರೆತೆ. ಇಡೀ ಗೋಡೆ ಇಪ್ಪತ್ತೈದರಲ್ಲಿ ಬಂತು. ಅವರ ಲೆಕ್ಕಕ್ಕೆ ಕೂಡಲಿಲ್ಲ. ಇನ್ಮೇಲೆ ಸೆಟ್ಟಿಂಗ್ ಮುಟ್ಟಬೇಡ ಅಂದ್ರು ಮೇಲ್ವಿಚಾರಕರು.”

“ಬೈದ್ರಾ?”

“ಕಡಲಿನ ಸದ್ದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ” ಎಂದು ನಕ್ಕ. “ನಾಲ್ಕು ಕಿಲೋಮೀಟರೂ ಮತ್ತೆ ತೆಗೆಸಿದ್ರು. ಅಷ್ಟೇ. ನೀನು ಕನ್ವರ್ಟ್ ಮಾಡ್ಕೋ.”

ಅವಳು ಕನ್ವರ್ಟ್ ಮಾಡಿಕೊಂಡಳು. ಅಳತೆ ಇಳಿಸಿ, ಮಡಿಕೆ ಬದಲಿಸಿ, ಮೂವತ್ತನ್ನು ಮಾತ್ರ ಹಾಗೇ ಬಿಟ್ಟು, ತನ್ನ ಇಪ್ಪತ್ತೈದರ ಸಾಲಿನ ಕೊನೆಗೆ ಸೇರಿಸಿದಳು. ನಿರೀಕ್ಷಿಸಿದಂತೆ ಅಲೆಗಳು ತಡವರಿಸಿದವು. ಅವನ ಹೆಜ್ಜೆಯೂ ತಡವರಿಸಿತು.

ಅತ್ತೆ ಮುಂದಕ್ಕೆ ಬಾಗಿದರು. “ಇವನ ಕಾಲಿಗೇನಾಗಿದೆ?”

“ಏನೂ ಇಲ್ಲ ಅತ್ತೆ.”

“ಕುಂಟ್ತಾ ಇದಾನಲ್ಲೇ.”

“ಅದು ಫ್ರೇಮಿನ ತಪ್ಪು. ಅವರದ್ದು ಮೂವತ್ತು, ನಂದು ಇಪ್ಪತ್ತೈದು. ಆರಕ್ಕೊಂದು ಬಿದ್ದೋಗುತ್ತೆ. ನೋಡಿ, ಅಲೆನೂ ಹಾಗೇ ಕುಂಟ್ತಾ ಇದೆ.”

“ಅಲೆ ವಿಷ್ಯ ನಂಗೊತ್ತಿಲ್ಲ. ನಮ್ಮ ವಾರ್ಡಿಗೆ ಅಲೆ ಬಂದು ಮಲಗಿರ್ಲಿಲ್ಲ. ಕಾಲು ನಂಗೊತ್ತು.”

“ಅತ್ತೆ, ಇದು ಕಾಲಲ್ಲ, ವಿಡಿಯೋ.”

ಆ ಮಾತನ್ನು ಅವಳು ಗೆಲುವಿನಿಂದಲೇ ಹೇಳಿದಳು. ಅತ್ತೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದರು. ಆ ಮಧ್ಯಾಹ್ನ ಅವಳು ಪಕ್ಕಪಕ್ಕದ ಫ್ರೇಮುಗಳನ್ನು ಬೆರೆಸಿ ತಡವರಿಕೆ ಮುಚ್ಚುವ ಉಪಾಯ ಮಾಡಿದಳು. ನಡಿಗೆ ನಯವಾಯಿತು. ಹನ್ನೊಂದನೆಯ ತಿಂಗಳೂ ಹಾಗೇ ಮಾಡಿದಳು, ಬೆರೆಸಿದರೂ ಸರಿಹೋಗದ ನಾಲ್ಕೈದು ಕಡೆ ಕತ್ತರಿಸಿಯೂ ಹಾಕಿದಳು. ಅತ್ತೆ ಆ ಸಲವೂ ಪೂರ್ತಿ ನೋಡಿದರು. “ಚೆನ್ನಾಗಿ ಹೊಲಿದಿದೀಯ” ಎಂದಷ್ಟೇ ಅಂದರು.

ಹನ್ನೆರಡನೆಯ ಫೈಲು ಬಂದಾಗ ಅವನು ಹೋಗಿ ಒಂದು ವರ್ಷ. ಅವಳಿಗೆ ಬೇರೇನೂ ಬೇಕಿರಲಿಲ್ಲ, ಕೊನೆಯ ಆ ಎರಡು ಸೆಕೆಂಡಿನ ಮುಖ ಸರಿಯಾಗಿ ಕಾಣಬೇಕಿತ್ತು. ಫ್ರೇಮು ಬೆರೆಸಿದ ಮೇಲೆ ಅದು ಒಂದು ಮುಖದ ಮೇಲೆ ಇನ್ನೊಂದು ಮುಖ ಇಟ್ಟಂತೆ ಮಸುಕಾಗಿತ್ತು. ನಗು ಯಾವ ಫ್ರೇಮಿನಲ್ಲಿ ಶುರುವಾಗುತ್ತದೆ ಎಂದು ಎರಡು ತಿಂಗಳಿಂದ ಅವಳಿಗೆ ಗೊತ್ತಾಗಿರಲಿಲ್ಲ. ಹಾಗಾಗಿ ಈ ಸಲ ಅವಳು ಹಳೆಯ ಸಾಲಿಗೆ ಸೇರಿಸಲಿಲ್ಲ. ಮೂವತ್ತಕ್ಕೆ ಮೂವತ್ತರದೇ ಒಂದು ಹೊಸ ಸಾಲು ತೆರೆದು ಕನ್ವರ್ಟ್ ಮಾಡಿದ ಫೈಲನ್ನು ಅಲ್ಲಿ ಇಟ್ಟು ಓಡಿಸಿದಳು.

ಅಲೆಗಳು ಎಣ್ಣೆ ಸವರಿದಂತೆ ಬಂದವು. ಮೇಲೆ ಒಂದು ಹಕ್ಕಿ ರೆಕ್ಕೆ ಬಡಿಯದೆ ಜಾರಿ ಹೋಯಿತು. ಅವನ ಪಕ್ಕದಲ್ಲಿ ಎಲ್ಲಿಂದಲೋ ಒಂದು ಕಂದು ನಾಯಿ ಸೇರಿಕೊಂಡಿತ್ತು. ಅದರ ನಾಲ್ಕೂ ಕಾಲು ಒಂದೇ ಲಯದಲ್ಲಿ ಬೀಳುತ್ತಿದ್ದವು.

ಅವನೊಬ್ಬ ಕುಂಟುತ್ತಿದ್ದ.

ಅವಳು ನಿಲ್ಲಿಸಿದಳು. ಮೊದಲಿನಿಂದ ನೋಡಿದಳು. ಫ್ರೇಮಿನ ತಪ್ಪಾಗಿದ್ದರೆ ನಾಯಿಯೂ ಕುಂಟಬೇಕಿತ್ತು. ಮರಳಿನ ಇಳಿಜಾರಿರಬಹುದು, ಎಂದುಕೊಂಡಳು. ಹೋಗುವಾಗ ಕಡಲು ಅವನ ಬಲಕ್ಕಿತ್ತು, ಬಲಗಾಲು ತಗ್ಗಿನಲ್ಲಿ ಬೀಳುತ್ತದೆ. ಹಾಗಾದರೆ ವಾಪಸ್ ಬರುವಾಗ ಎಡಗಾಲು ತಗ್ಗಬೇಕು. ವಾಪಸ್ ಬರುವ ನಿಮಿಷವನ್ನು ಹಾಕಿದಳು. ಅಲ್ಲೂ ಬಲಗಾಲೇ.

ಸಂಜೆಯ ಬಿಸಿಲಿಗೆ ಅವನ ನೆರಳು ಮರಳಿನ ಮೇಲೆ ಉದ್ದಕ್ಕೆ ಬಿದ್ದಿತ್ತು. ಮೇಲಿನಿಂದ ಕಾಣದ ಕಾಲುಗಳು ನೆರಳಿನಲ್ಲಿ ಸ್ಪಷ್ಟವಾಗಿದ್ದವು. ಅವಳು ಕಾಗದ ತೆಗೆದುಕೊಂಡು ಎಣಿಸಿದಳು. ಎಡಗಾಲು ಬಿದ್ದಾಗಿನಿಂದ ಬಲಗಾಲು ಬೀಳುವವರೆಗೆ ಇಪ್ಪತ್ತು ಫ್ರೇಮು. ಬಲಗಾಲು ಬಿದ್ದಾಗಿನಿಂದ ಎಡಗಾಲು ಬೀಳುವವರೆಗೆ ಹನ್ನೆರಡು. ಹತ್ತು ಹೆಜ್ಜೆ ಎಣಿಸಿದಳು. ಒಂದು ಆಚೆ, ಒಂದು ಈಚೆ, ಅಷ್ಟೇ. ನಾಲ್ಕನೆಯ ತಿಂಗಳ ಫೈಲು ತೆಗೆದು ಅದರಲ್ಲೂ ಎಣಿಸಿದಳು. ಇಪ್ಪತ್ತೈದರ ಲೆಕ್ಕದಲ್ಲಿ ಹದಿಮೂರು, ಹದಿಮೂರು. ಮೂವತ್ತಕ್ಕೆ ತಿರುಗಿಸಿದರೆ ಎರಡೂ ಕಾಲಿಗೆ ಹದಿನೈದೂವರೆ ಬರಬೇಕಿತ್ತು. ಬಲಗಾಲಿನ ಮೇಲೆ ಅವನು ಭಾರ ನಿಲ್ಲಿಸುತ್ತಲೇ ಇರಲಿಲ್ಲ. ಕೆಂಡದ ಮೇಲೆ ಇಟ್ಟು ತೆಗೆದಂತೆ ತೆಗೆಯುತ್ತಿದ್ದ.

ಹತ್ತನೆಯ ತಿಂಗಳಲ್ಲಿ ಎರಡು ಸಂಗತಿ ಒಟ್ಟಿಗೆ ಬದಲಾಗಿದ್ದವು. ಅವಳು ಒಂದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿದ್ದಳು. ಇನ್ನೊಂದನ್ನು ಎರಡು ತಿಂಗಳು ತನ್ನ ಕೈಯಾರೆ ನಯ ಮಾಡಿ ಮುಚ್ಚಿದ್ದಳು.

ಅವನ ಊಟದ ಹೊತ್ತಿಗೆ ಫೋನು ಮಾಡಿದಳು.

“ಏನೇ ಕತ್ತರಿ, ಇಷ್ಟೊತ್ತಿಗೆ?”

“ಬಲಗಾಲಿಗೆ ಏನಾಯ್ತು?”

“ಯಾರ ಬಲಗಾಲು?”

“ನಾಯಿದಲ್ಲ. ನಾಯಿ ಚೆನ್ನಾಗೇ ನಡೀತಿದೆ.”

ಆ ಕಡೆ ತಟ್ಟೆ ಕೆಳಗಿಟ್ಟ ಸದ್ದು. ಆಮೇಲೆ ಬರೀ ಕಡಲು. ವರ್ಷವಿಡೀ ಅವಳು ಸದ್ದಿಲ್ಲದೆ ನೋಡಿದ ಅಲೆಗಳು ಈಗ ಫೋನಿನಲ್ಲಿ ಚಿತ್ರವಿಲ್ಲದೆ ಬಂದು ಹೋಗುತ್ತಿದ್ದವು.

“ಗೋಡೆ ಮತ್ತೆ ತೆಗೆದೆ ಅಂದೆನಲ್ಲ” ಎಂದ ಕೊನೆಗೆ. “ಎರಡು ದಿನದಲ್ಲಿ ಮುಗಿಸು ಅಂದ್ರು. ಕಲ್ಲಿನ ಮೇಲೆ ಓಡಾಡ್ತಿದ್ದೆ. ಎರಡು ಕಲ್ಲಿನ ಸಂದೀಲಿ ಕಾಲು ಸಿಕ್ಕಿತು. ಹಿಮ್ಮಡಿ ಮೇಲಿನ ಮೂಳೆ ಬಿರುಕು ಬಿಡ್ತು. ಮೂರು ವಾರ ಕಟ್ಟು ಹಾಕಿದ್ರು, ಬಿಚ್ಚಿದ್ರು. ಈಗ ಪರವಾಗಿಲ್ಲ. ಹಾರ್ಸೋದು ಕೂತ್ಕೊಂಡೇ ಹಾರಿಸ್ತೀನಿ.”

“ಪರವಾಗಿಲ್ಲ ಅಂದ್ರೆ ಇಪ್ಪತ್ತು, ಹನ್ನೆರಡು ಯಾಕೆ ಬರುತ್ತೆ?”

“ಎಣಿಸಿದ್ಯಾ?” ಅವನ ದನಿಯಲ್ಲಿ ಒಂದು ಬಗೆಯ ಸಂತೋಷವಿತ್ತು.

“ನನಗ್ಯಾಕೆ ಹೇಳ್ಲಿಲ್ಲ ರೀ?”

“ಏನಂತ ಹೇಳ್ಲಿ? ನಿನ್ನ ಇಪ್ಪತ್ತೈದಕ್ಕೆ ತಿರುಗಿಸಿ ಮರೆತೆ, ಅದಕ್ಕೇ ಬಿದ್ದೆ ಅಂತ್ಲಾ? ನೀನು ಚೀಟಿ ಹರಿದು ಹಾಕು ಅಂತಿದ್ದೆ. ತಿಂಗಳ ಫೈಲೂ ಬೇಡ ಅಂತಿದ್ದೆ. ಬಾಯಲ್ಲಿ ಹೇಳೋಕೆ ಆಗ್ಲಿಲ್ಲ. ಆದ್ರೆ ಮುಚ್ಚಿಡಲೂ ಇಲ್ಲ ಕಣೇ. ನಡೆದು ಕಳಿಸಿದೆ. ನಿನ್ನ ಕಣ್ಣಿಗೆ ಒಂದು ಫ್ರೇಮು ತಪ್ಪಿದ್ರೂ ಗೊತ್ತಾಗುತ್ತೆ. ಆ ಭಾನುವಾರ ಇಡೀ ದಿನ ಫೋನು ಹತ್ರಾನೇ ಇಟ್ಕೊಂಡು ಕೂತಿದ್ದೆ. ನೀನು ಫೋನ್ ಮಾಡಿ ಚೀಟಿ ಕಳೆದೋಯ್ತಾ ಅಂದೆ, ನೋಡಿದ ಮೇಲೆ ಮತ್ತೆ ಮಾಡಲೇ ಇಲ್ಲ.”

ಅವಳು ಹೆಜ್ಜೆ ಎಣಿಸಿದ ಕಾಗದವನ್ನು ಮಡಚಿದಳು.

“ನೋಡಿದೆ” ಎಂದಳು ಆಮೇಲೆ. “ಮೂವತ್ತರ ತಪ್ಪು ಅಂದ್ಕೊಂಡೆ. ಸರಿ ಮಾಡಿಬಿಟ್ಟೆ.”

“ಕತ್ತರಿಗೆ ಕೈ ಸುಮ್ನಿರಲ್ಲ” ಎಂದು ಅವನು ನಗಲು ನೋಡಿದ. “ನೀನು ಬಾ ಅಂದ್ರೆ ಬಂದ್ಬಿಡ್ತೀನಿ. ಅದಕ್ಕೇ ಹೆದರಿದ್ದು. ಇನ್ನೊಂದು ವರ್ಷ ಇದೆಯಲ್ಲ ಒಪ್ಪಂದ.”

ಬನ್ನಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಒಂದು ವರ್ಷದಿಂದ ಅಲ್ಲೇ ಇದ್ದ ಮಾತು.

“ನಾನೇ ಬರ್ತೀನಿ” ಎಂದಳು.

ಹದಿನೆಂಟು ಗಂಟೆಯ ಬಸ್ಸು. ಎರಡು ಮದುವೆಗಳ ಕೆಲಸ ಮುಂದೂಡಿ, ಕಾಲಿಗೆ ಸುತ್ತಲು ಅತ್ತೆ ಕಟ್ಟಿಕೊಟ್ಟ ಬಿಗಿಪಟ್ಟಿ ಮತ್ತು ಹನ್ನೆರಡು ಸೂಚನೆ ಹೊತ್ತುಕೊಂಡು ಹೋದಳು. ನಾಲ್ಕು ದಿನ ಇದ್ದಳು. ಅವನ ಕೋಣೆ ತಗಡಿನದು, ಒಂದು ಮಂಚ, ಒಂದು ಹಗ್ಗ, ಹಗ್ಗದ ಮೇಲೆ ಅವಳಿಗೆ ಪರಿಚಯವಿದ್ದ ಹನ್ನೆರಡು ತಿಂಗಳ ಅಂಗಿಗಳು. ಕಂಪನಿಯ ಡ್ರೋನಿನ ಪೆಟ್ಟಿಗೆ ತೆರೆದಾಗ ಮುಚ್ಚಳದ ಒಳಬದಿಗೆ ಚೀಟಿ ಇತ್ತು. ಉಪ್ಪು ಗಾಳಿಗೆ ಮೂಲೆ ಸುರುಳಿಯಾಗಿತ್ತು. ಅವಳು ಪೆನ್ನು ಕೇಳಿ ತೆಗೆದುಕೊಂಡು 25 ಹೊಡೆದು 30 ಬರೆದಳು, 264 ಹೊಡೆದು 265 ಬರೆದಳು, ಅಳತೆಯನ್ನೂ ಶಟರನ್ನೂ ತಿದ್ದಿದಳು. ಕೊನೆಯ ಸಾಲನ್ನು ಮುಟ್ಟಲಿಲ್ಲ.

“ನಿನ್ನ ಸಾಫ್ಟ್‌ವೇರು?”

“ಅದು ನನ್ನ ತಲೆನೋವು. ಕನ್ವರ್ಟ್ ಮಾಡ್ಕೋತೀನಿ. ಮೂರು ದಿನ ಹಿಡಿದ್ರೆ ಹಿಡೀಲಿ.”

ಕೊನೆಯ ಸಂಜೆ ಡ್ರೋನನ್ನು ಹಿಂದೆ ಬಿಟ್ಟು ಇಬ್ಬರೂ ನಡೆದರು. ಒಂದು ನಿಮಿಷ ಆಚೆ, ಒಂದು ನಿಮಿಷ ಈಚೆ. ಕಂದು ನಾಯಿ ಸ್ವಲ್ಪ ದೂರ ಬಂದು, ಬೇಸರವಾಗಿ ಹೋಯಿತು. ಬೆಳಿಗ್ಗೆ ಬಸ್ಸು ಹೊರಡುವಾಗ ಅವನು ಕಂಬಕ್ಕೆ ಒರಗಿ ನಿಂತಿದ್ದ, ಬಲಗಾಲನ್ನು ನೆಲಕ್ಕೆ ತಾಗಿಸಿಯೂ ತಾಗಿಸದಂತೆ. ಆಗಲೂ ಅವಳು ಆ ಮಾತು ಆಡಲಿಲ್ಲ. ಔಷಧಿ ಮರೀಬೇಡಿ ಅಂದಳು.

ಊರಿಗೆ ಮರಳಿದ ಮೇಲಿನ ಭಾನುವಾರ ಬೆಳಿಗ್ಗೆ ಹೊಸ ಫೈಲನ್ನು ಕನ್ವರ್ಟ್ ಮಾಡಿ ಮೂವತ್ತರ ಸಾಲಿನಲ್ಲಿ ಇಟ್ಟಳು. ಬೆರೆಸಲಿಲ್ಲ, ಕತ್ತರಿಸಲಿಲ್ಲ. ಅತ್ತೆ ಕುರ್ಚಿ ಎಳೆದುಕೊಂಡರು.

ಮರಳಿನ ಮೇಲೆ ಎರಡು ನೆರಳು. ಅತ್ತೆ ಎರಡನ್ನೂ ನೋಡಿದರು. ಆಮೇಲೆ ಕನ್ನಡಕ ತೆಗೆದು ಸೆರಗಿಗೆ ಒರೆಸಿ ಮತ್ತೆ ಹಾಕಿಕೊಂಡರು.

“ಇವನದ್ದು ಗೊತ್ತಿರೋದೇ. ನಿನ್ನ ಕಾಲಿಗೇನಾಗಿದೆ?”

“ನನಗೇನೂ ಆಗಿಲ್ಲ ಅತ್ತೆ.”

“ನೀನೂ ಕುಂಟ್ತಾ ಇದೀಯಲ್ಲೇ. ನೋಡು.”

ಅವಳು ನೋಡಿದಳು. ಎಣಿಸಿದಳು. ಅವನ ನೆರಳು ಇಪ್ಪತ್ತು, ಹನ್ನೆರಡು. ಅವಳ ನೆರಳೂ ಇಪ್ಪತ್ತು, ಹನ್ನೆರಡು. ಅವನ ಪಕ್ಕದಲ್ಲಿ ನಡೆಯುವಾಗ ಅವಳ ಕಾಲು ತಾನಾಗಿಯೇ ಅವನ ಲೆಕ್ಕಕ್ಕೆ ಬಂದಿತ್ತು. ಆ ಹೊತ್ತಿನಲ್ಲಿ ಅವಳಿಗೆ ಗೊತ್ತೇ ಆಗಿರಲಿಲ್ಲ.

“ಇದೂ ಫ್ರೇಮಿನ ತಪ್ಪೇನು?” ಎಂದರು ಅತ್ತೆ.

“ಅಲ್ಲ ಅತ್ತೆ.”

“ಮೂಳೆ ಕೂಡಿರುತ್ತೆ. ಅಲ್ಲಿ ಕಲ್ಲಿನ ಮೇಲೆ ಓಡಾಡ್ಕೊಂಡು ನಡಿಗೆ ಕೂಡಲ್ಲ. ವಾರ್ಡಲ್ಲಿ ಇಂಥ ನೂರು ಜನಾನ ನಡೆಸಿದೀನಿ, ಗೋಡೆ ಹಿಡಿಸಿ. ನನಗೊಂದು ಗೋಡೆ ಸಾಕು.” ಮೇಜಿನ ಮೇಲಿದ್ದ ಫೋನನ್ನು ಅವಳ ಕಡೆ ತಳ್ಳಿದರು. “ತಗೋ.”

ಮೊದಲ ಗಂಟೆಗೇ ಅವನು ಎತ್ತಿದ. ಹತ್ತಿರವೇ ಇಟ್ಟುಕೊಂಡು ಕೂತಿದ್ದಿರಬೇಕು.

“ಬನ್ನಿ” ಎಂದಳು ಅವಳು.

ಆ ಕಡೆ ಮೂರು ಅಲೆ ಬಂದು ಹೋದವು.

“ಚೀಟಿ ತರ್ಲಾ?” ಎಂದ.

“ತನ್ನಿ.”